ಒಂದು ಸುತ್ತಿನ ಪುರುಸೊತ್ತು

ಕೆಲವರಿಗೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಾಯಿಗೆ ಬಂದಿರುತ್ತದೆ. ನನಗೂ ಉತ್ತರ ಬರುತ್ತದೆ, ಒಳ್ಳೆಯದೇ ಬರುತ್ತದೆ. ಆದರೆ ಕೇಳಿದವರು ಎದ್ದು, ಚಪ್ಪಲಿ ಮೆಟ್ಟಿ, ಓಣಿ ದಾಟಿದ ಮೇಲೆ ಬರುತ್ತದೆ. ಇಂಥವನು ಬಾಗಲಕೋಟೆಯ ಕನ್ನಡ ಸಾಲೆಯಲ್ಲಿ ಮಾಸ್ತರನಾದದ್ದು ದೈವಕೃಪೆಯೇ ಸರಿ. ಅದು ಪ್ರಶ್ನೆ ಕೇಳುವ ಉದ್ಯೋಗ. ಉತ್ತರ ಹೇಳುವ ಕಷ್ಟ ಹುಡುಗರದು. ಕನ್ಯೆ ನೋಡುವ ಮನೆಯಲ್ಲಿ ಮಾತ್ರ ಈ ವ್ಯವಸ್ಥೆ ತಲೆಕೆಳಗಾಗುತ್ತದೆ. ಕೆರೂರಿನ ಒಂದು ಮನೆಯಲ್ಲಿ ಹಿರಿಯರು ನನ್ನ ಹೆಸರು ಕೇಳಿದರು. ಹೆಸರು ನನಗೆ ಗೊತ್ತಿತ್ತು. ಅದು ಗಂಟಲಿನಿಂದ ಮೇಲೇರುವಷ್ಟರಲ್ಲಿ ಅವರು ನನ್ನನ್ನು ಮೂಗನೆಂದು ತಿಳಿದು, ಮರುಕಪಟ್ಟು, ಇನ್ನೊಂದು ಹೋಳಿಗೆ ಬಡಿಸಿದರು. ಹೋಳಿಗೆ ಚೆನ್ನಾಗಿತ್ತು. ಸಂಬಂಧ ಕೂಡಿ ಬರಲಿಲ್ಲ.

ಹೀಗೆ ಒಂದೊಂದೇ ಮನೆ ಕೈಬಿಡುತ್ತ ಬಂದು, ನನ್ನ ಓರಗೆಯವರ ಮಕ್ಕಳು ನನ್ನ ಸಾಲೆಗೇ ಬಂದು ಕೂಡತೊಡಗಿದಾಗ ನನಗೆ ನಿಜಕ್ಕೂ ದಿಗಿಲಾಯಿತು. ಆಗ ಹುನಗುಂದದ ನನ್ನ ಸೋದರಮಾವ ಇಳಕಲ್ಲಿನಲ್ಲಿ ಸೀರೆ ನೇಯಿಸುವ ಒಂದು ಮನೆತನ ಗೊತ್ತು ಮಾಡಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. "ಈ ಸಲ ನೀ ಬಾಯಿನ ತಗೀಬ್ಯಾಡ. ನಾನೂ ಕೂಡ ಬರ್ತೇನಿ, ನಿನ್ನ ಪರವಾಗಿ ಎಲ್ಲಾ ನಾನ ಮಾತಾಡ್ತೇನಿ. ಇದೂ ತಪ್ಪಿದರ ಇನ್ನ ನಿನ್ನ ಸಲುವಾಗಿ ಯಾರ ಹೊಸ್ತಿಲಾನೂ ತುಳಿಯಾಂವಲ್ಲ" ಎಂದರು. ಮಾವ ಆಡಿದ ಮಾತಿಗೆ ತಪ್ಪುವವರಲ್ಲ. ಅದೇ ನನ್ನ ಹೆದರಿಕೆಯಾಗಿತ್ತು.

ಹುನಗುಂದದವರೆಗೆ ಎತ್ತಿನ ಗಾಡಿಯಲ್ಲಿ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅರಳೆ ವ್ಯಾಪಾರದವರ ಮಗ, ನನ್ನ ಬಾಲ್ಯದ ಗೆಳೆಯ ಹುಸೇನಸಾಬ, ನನ್ನ ಬಾಯಲ್ಲಿ ಹುಸೇನಿ, ಊರು ಬಿಟ್ಟು ಹೊರಟಿದ್ದ ಒಬ್ಬ ಬಿಳಿಯ ಸಾಹೇಬನಿಂದ ಆಗತಾನೆ ಫಟಫಟಿ, ಅಂದರೆ ಮೋಟಾರು ಸೈಕಲ್ಲು, ಕೊಂಡಿದ್ದ. "ಲೇ ಮಾಸ್ತರ, ವರ ಅಂದರ ಕುದುರಿ ಮ್ಯಾಲೆ ಹೋಗಬೇಕು. ಇದು ಕುದುರಿಕಿಂತ ಚೊಲೋ ಐತಿ, ಹುಲ್ಲು ಬೇಡಂಗಿಲ್ಲ" ಎಂದ. ಆಗಿನ ಫಟಫಟಿಯ ಸ್ವಭಾವ ಹೇಳಿದರೆ ಈಗಿನವರು ನಂಬಲಾರರು. ಅದು ನಿಂತಲ್ಲಿ ಚಾಲೂ ಆಗುತ್ತಿರಲಿಲ್ಲ. ಅದನ್ನು ಹಿಡಿದುಕೊಂಡು ಓಡಬೇಕು. ಅದು ಕೆಮ್ಮಿದ ಕೂಡಲೇ ಹಾರಿ ಕೂಡಬೇಕು. ಹಿಂದೆ ಕೂಡುವವನೂ ಓಡಿಯೇ ಹಾರಬೇಕು. ಎತ್ತಿನ ಗಾಡಿ ಹತ್ತುವುದಕ್ಕೇ ಇನ್ನೊಬ್ಬರ ಹೆಗಲು ಬೇಡುವ ನಾನು ಧೋತರದ ಕಚ್ಚೆ ಬಿಗಿದು, ತಲೆಯ ರುಮಾಲನ್ನು ಒಂದು ಕೈಯಲ್ಲಿ ಅದುಮಿಕೊಂಡು, ಓಣಿಯ ಹೆಣ್ಣುಮಕ್ಕಳೆಲ್ಲ ನೋಡುತ್ತಿರುವಾಗ ಓಡಿದೆ. ಹಾರಿದ್ದು ನೆನಪಿಲ್ಲ. ಕಣ್ಣು ತೆರೆದಾಗ ಮೇಲೆ ಕೂತಿದ್ದೆ.

ಬಾದಾಮಿಯ ಮೇಲಿಂದ ಹೋಗಿ ಬನಶಂಕರಿಗೆ ಕೈಮುಗಿದೇ ಮುಂದಕ್ಕೆ ಹೋಗಬೇಕೆಂದು ಅವ್ವನ ಅಪ್ಪಣೆಯಾಗಿತ್ತು. ದಾರಿಯಲ್ಲಿ ಕೆರೂರು ಬಂತು. ಆ ಹೋಳಿಗೆಯ ಮನೆಯವರು ಹೊರಗೆ ಬಂದು ನೋಡಿದರು. ಮೂಗನೆಂದುಕೊಂಡವನು ಇಷ್ಟು ಸದ್ದು ಮಾಡುತ್ತ ಹೋಗುವುದನ್ನು ಅವರು ನೋಡಿದ್ದು ನನಗೆ ಸಮಾಧಾನವೇ ಆಯಿತು. ಬನಶಂಕರಿಯಲ್ಲಿ ಇಳಿದು ಬಾಯಿ ಕೊಡು ತಾಯಿ ಎಂದು ಬೇಡಿಕೊಂಡೆ. ಮಲಪ್ರಭೆಯಲ್ಲಿ ಬೇಸಿಗೆಯ ಮೊಳಕಾಲು ನೀರಿತ್ತು; ಕುದುರೆಗಿಂತ ಚೊಲೋ ಆದ ಆ ವಾಹನವನ್ನು ಇಬ್ಬರೂ ಸೇರಿ ನೂಕಿ ದಾಟಿಸಿದೆವು. ಅಮೀನಗಡ ದಾಟಿದ ಮೇಲೆ ಒಂದು ತಗ್ಗಿಗೆ ಬಿದ್ದೆದ್ದಾಗ ಹಿಂದೆ ಏನೋ ಕಳಚಿ ಬಿದ್ದ ಸದ್ದಾಯಿತು. ಹುಸೇನಿ ಕಾಲಿನಿಂದ ಏನನ್ನೋ ಎರಡು ಸಲ ತುಳಿದು ನೋಡಿದ.

"ಮಾಸ್ತರ, ಬ್ರೇಕ್ ಹತ್ತವಲ್ದು."

"ಹಂಗಾದ್ರ ಬಂದ್ ಮಾಡಿ ನಿಲ್ಲಸಲೇ."

"ಬಂದ್ ಮಾಡೂದೂ ಕೆಟ್ಟೈತಿ. ಎಣ್ಣಿ ತೀರಿದ ಮ್ಯಾಲೆ ತಾನ ನಿಲ್ತೈತಿ. ನೀ ಗಟ್ಟಿ ಹಿಡಕೊಂಡು ಕುಂಡ್ರು."

ಹುನಗುಂದದಲ್ಲಿ ಮಾವ ಹೊಸ ರುಮಾಲು ಸುತ್ತಿ, ಗಾಡಿಗೆ ಎತ್ತು ಹೂಡಿಸಿ, ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಹಾದಿಯಲ್ಲಿ ನಿಂತಿದ್ದರು. "ಬರ್ರಿ, ನೀರು ಕುಡೀರಿ, ಕೂಡೇ ಹೋಗೂಣು" ಎಂದರು. ಕೂಡೇ ಎಂಬುದು ಕಿವಿಗೆ ಬೀಳುವಾಗ ನಾವು ಅವರ ಮನೆ ದಾಟಿದ್ದೆವು. ಸಂತೆಯ ದಿನ, ತಿರುಗಿಸಲು ಜಾಗವಿರಲಿಲ್ಲ. ಹೊರಳಿ ನೋಡಿದಾಗ ಮಾವ ತಂಬಿಗೆಯ ನೀರನ್ನು ನೆಲಕ್ಕೆ ಚೆಲ್ಲಿ ಎತ್ತುಗಳನ್ನು ನೊಗದಿಂದ ಬಿಚ್ಚುತ್ತಿದ್ದರು. ನಮ್ಮ ಸೀಮೆಯಲ್ಲಿ ಚಾಚಿದ ನೀರನ್ನು ಒಲ್ಲೆನೆಂದು ಹೋಗುವುದಕ್ಕಿಂತ ದೊಡ್ಡ ಅವಮಾನವಿಲ್ಲ. ನನ್ನ ಬಾಯಿ ಹುನಗುಂದದಲ್ಲೇ ಉಳಿಯಿತು. ಇಳಕಲ್ಲಿಗೆ ಮಿಕ್ಕ ದೇಹವಷ್ಟೇ ಹೊರಟಿತು.

ಇಳಕಲ್ಲಿನ ಆ ಮನೆಯ ಎದುರು ಒಂದು ಬೇವಿನ ಮರ, ಅದಕ್ಕೊಂದು ದೊಡ್ಡ ಕಟ್ಟೆ. ಕಟ್ಟೆಯ ಮೇಲೆ ಹುಡುಗಿಯ ತಂದೆ ಇಬ್ಬರು ಹಿರಿಯರೊಡನೆ ನಮ್ಮ ಹಾದಿ ಕಾಯುತ್ತ ಕೂತಿದ್ದರು. "ಇದ ಮನಿ" ಎಂದು ಹುಸೇನಿಯ ಬೆನ್ನು ತಿವಿದೆ. "ಮುಂದ ಹೋದರ ನಿಜಾಮನ ಸೀಮಿ ಹತ್ತತೈತಿ. ಇಲ್ಲೇ ಕಟ್ಟಿ ಸುತ್ತ ತಿರುಗಿಸ್ತೇನಿ" ಎಂದು ಅವನು ಪ್ರದಕ್ಷಿಣೆ ಶುರು ಮಾಡಿದ.

ನಮ್ಮ ಜನರದೊಂದು ಗುಣವಿದೆ. ಪರ ಊರಿನವರು ಏನು ಮಾಡಿದರೂ ಅದು ಅವರ ಕಡೆಯ ಪದ್ಧತಿ ಇರಬೇಕೆಂದು ಸುಮ್ಮನಿದ್ದುಬಿಡುತ್ತಾರೆ. ಹುಡುಗಿಯ ತಂದೆ ನಾವು ಹಾಯುವುದನ್ನೇ ಕಾದು, ಕೂತಲ್ಲಿಂದಲೇ ಕೂಗಿ ಕೇಳಿದರು: "ಮನಿಯಾಗ ಯಾರ್ಯಾರ ಅದೀರಿ?" ನಾನು ಬಾಯಿ ತೆರೆಯುವ ಮೊದಲೇ ಫಟಫಟಿ ನನ್ನನ್ನು ಮರದ ಹಿಂದಕ್ಕೆ ಒಯ್ಯಿತು. ಅಲ್ಲಿ ಒಂದು ಎಮ್ಮೆಯ ಹೊರತು ಯಾರೂ ಇರಲಿಲ್ಲ. ಎಮ್ಮೆಯ ಎದುರು ನನಗೆ ನಾಚಿಕೆಯಿಲ್ಲ. ಸುತ್ತು ಮುಗಿಸಿ ಬರುವಷ್ಟರಲ್ಲಿ ಉತ್ತರ ನಾಲಗೆಯ ತುದಿಯಲ್ಲಿತ್ತು. "ನಾನು, ನಮ್ಮವ್ವ, ಇಬ್ಬರ ರೀ" ಎಂದು ಕೂಗಿದೆ. ನನ್ನ ದನಿ ಕೇಳಿ ನಾನೇ ಬೆಚ್ಚಿದೆ.

"ಅವ್ವಾರ ಸ್ವಭಾವ ಹೆಂಗ್ರಿ?"

ಕಠಿಣ ಪ್ರಶ್ನೆ. ಸುಳ್ಳು ಹೇಳುವಂತಿಲ್ಲ, ಖರೆ ಹೇಳಿದರೆ ಸಂಬಂಧ ಉಳಿಯುವುದಿಲ್ಲ. ಮರ ಸುತ್ತಿ ಬಂದು "ಅಡಿಗಿ ಭಾಳ ಚೊಲೋ ಮಾಡ್ತಾಳ್ರಿ" ಎಂದೆ.

"ನಿಮಗ ಸಿಟ್ಟು ಬರ್ತೈತೇನ್ರಿ?"

ಮತ್ತೊಂದು ಸುತ್ತು. "ಬರ್ತೈತ್ರಿ. ಆದರ ನಾ ಬಾಯಿ ತಗಿಯೂದರಾಗ ತಿರುಗಿ ಹೋಗಿರ್ತೈತ್ರಿ."

ಕಟ್ಟೆಯ ಮೇಲೆ ಒಬ್ಬ ಹಿರಿಯರು ತಲೆದೂಗಿ "ಹುಡುಗ ಭಾಳ ವಿಚಾರ ಮಾಡಿ ಮಾತಾಡ್ತಾನ ನೋಡ್ರಿ" ಎನ್ನುವುದು ಕೇಳಿಸಿತು. ಇಂಥ ಮಾತನ್ನು ನನ್ನ ಬಗ್ಗೆ ಅದುವರೆಗೆ ಯಾರೂ ಆಡಿರಲಿಲ್ಲ. ನನಗೆ ಹಿಗ್ಗಾಯಿತು. ಎಣ್ಣೆ ತೀರದಿರಲಿ ಎಂದು ಬನಶಂಕರಿಗೆ ಇನ್ನೊಮ್ಮೆ ಬೇಡಿಕೊಂಡೆ. ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎಲ್ಲ ಮನೆಗಳಲ್ಲಿ ವರ ಕೂತಿರುತ್ತಾನೆ, ಕನ್ಯೆಯನ್ನು ತಂದು ತೋರಿಸುತ್ತಾರೆ. ಇಲ್ಲಿ ಅವಳು ನಿಂತಿದ್ದಳು, ನನ್ನನ್ನೇ ಎಲ್ಲ ಮಗ್ಗುಲಿನಿಂದಲೂ ತಿರುಗಿಸಿ ತೋರಿಸಲಾಗುತ್ತಿತ್ತು.

ಬನಶಂಕರಿ ಒಂದೇ ದಿನ ಎರಡು ಬೇಡಿಕೆ ನಡೆಸಿಕೊಡುವುದಿಲ್ಲವೆಂದು ತೋರುತ್ತದೆ. ಫಟಫಟಿ ಕೆಮ್ಮಿ, ಸರಿಯಾಗಿ ಆ ಬಾಗಿಲ ಎದುರಿಗೇ ನಿಂತಿತು. ಸದ್ದೆಲ್ಲ ಅಡಗಿತು. ನಾನು ರುಮಾಲು ಹಿಡಿದವನು ಹಿಡಿದಂತೆಯೇ ಕೂತಿದ್ದೆ. ಹುಡುಗಿ ಸೆರಗಿನ ಅಂಚಿನಿಂದ ನೋಡಿ, ಸಣ್ಣ ದನಿಯಲ್ಲಿ, "ಇಳಿಯಾಕ ಬರ್ತೈತೇನ್ರಿ?" ಎಂದು ಕೇಳಿದಳು.

ಸುತ್ತು ಹಾಕಲು ಮರ ದೂರವಿತ್ತು. "ಬರಂಗಿಲ್ರಿ" ಎಂದುಬಿಟ್ಟೆ. ಎನ್ನುತ್ತಿದ್ದಂತೆ ಫಟಫಟಿ, ಹುಸೇನಿ, ನಾನು ಮೂವರೂ ಒಂದೇ ಮಗ್ಗುಲಿಗೆ ಉರುಳಿದೆವು. ಬಾಗಿಲ ಹಿಂದೆ ನಗು ಕೇಳಿಸಿತು. ಇದೂ ಹೋಯಿತು ಎಂದುಕೊಂಡೆ.

ಹೋಗಲಿಲ್ಲ. ಮುನಿದ ಸೋದರಮಾವನನ್ನು ಒಲಿಸಿ ಕರೆತರಲು ಹುಸೇನಿ ಹುನಗುಂದಕ್ಕೆ ಹೋದ, ಎತ್ತಿನ ಗಾಡಿಯಲ್ಲಿ. ಮದುವೆಯಾಯಿತು. ತೂಕದ ಮಾತಿನ ಅಳಿಯನೆಂದು ಹೆಣ್ಣು ಕೊಟ್ಟ ಮಾವನವರು ಇಳಕಲ್ಲಿನ ತುಂಬ ಹೇಳಿಕೊಂಡು ಬಂದರು. ಆದರೆ ಹೆಂಡತಿಗೆ ಒಂದು ವಾರದಲ್ಲೇ ಎಲ್ಲ ತಿಳಿದುಹೋಯಿತು. ಅವಳೊಂದು ಕೇಳಿದರೆ ನಾನು ಚಪ್ಪಲಿ ಮೆಟ್ಟಿ ಮನೆಗೆ ಒಂದು ಸುತ್ತು ಹಾಕಿ ಬಂದು ಉತ್ತರ ಹೇಳುತ್ತೇನೆ. ಓಣಿಯವರು ನನ್ನನ್ನು ದೊಡ್ಡ ದೈವಭಕ್ತನೆಂದು ತಿಳಿದಿದ್ದಾರೆ.

ಈಗ ಇದನ್ನು ಬರೆದು ಅವಳಿಗೆ ಓದಿ ಹೇಳಿದೆ. ಅವಳು ಕೇಳಿ ನಕ್ಕಳು. "ಸುತ್ತಿನ್ಯಾಗ ಹೇಳಿದ್ದೆಲ್ಲಾ ಅಪ್ಪಗ ಮನಸಿಗೆ ಬಂತು. ನಾ ಒಪ್ಪಿದ್ದು ಫಟಫಟಿ ನಿಂತ ಮ್ಯಾಲೆ ಹೇಳಿದ್ದೊಂದಕ್ಕ" ಎಂದಳು. ಆಮೇಲೆ ನಗು ನಿಲ್ಲಿಸಿ, "ಅವತ್ತ ಇನ್ನೊಂದು ಸುತ್ತಿಗೆ ಆಗೂವಷ್ಟು ಎಣ್ಣಿ ಇದ್ದಿದ್ದರ ನನಗ ಏನಂತ ಹೇಳ್ತಿದ್ರಿ?" ಎಂದು ಕೇಳಿದಳು.

ನಾನು ಚಪ್ಪಲಿ ಹುಡುಕುತ್ತಿದ್ದೇನೆ. ಅವಳು ಬಾಗಿಲಿಗೆ ಅಗಳಿ ಹಾಕಿ, ನನ್ನ ಚಪ್ಪಲಿಗಳನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತಿದ್ದಾಳೆ.