ಎಡಗಡೆಯಿಂದ ಮೂರನೆಯವನು

ನನ್ನ ತಮ್ಮ ಸತ್ತು ಆರು ವರ್ಷವಾಯಿತು. ಇವತ್ತು ಬೆಳಿಗ್ಗೆ ಎರಡು ಮುದ್ದೆ ಉಂಡು, ಮೂರನೆಯದಕ್ಕೆ ತಟ್ಟೆ ಒಡ್ಡಿ, ಸಾರಿಗೆ ಉಪ್ಪು ಸಾಲದು ಎಂದು ಗೊಣಗಿ, ಹಸುವಿಗೆ ಹುಲ್ಲು ಹಾಕಲು ಎದ್ದು ಹೋದ. ಸತ್ತವರ ಪೈಕಿ ಇಷ್ಟು ಚೆನ್ನಾಗಿ ಉಣ್ಣುವವನು ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಇನ್ನೊಬ್ಬ ಸಿಕ್ಕಿದರೆ ನನಗೆ ತೋರಿಸಿ!

ನಗಬೇಡಿ. ಅವನು ಸತ್ತದ್ದನ್ನು ಟೀವಿಯಲ್ಲಿ ಊರಿಗೆ ಊರೇ ನೋಡಿದೆ. ಹಿಂದೆ ಕೊಳಲಿನ ಸಂಗೀತ, ಮುಂದೆ ಉರಿಯುವ ದೀಪ, ನಡುವೆ ಮೀಸೆ ಬಿಟ್ಟ ನನ್ನ ತಮ್ಮ. ನಾನು ಓದಿದ್ದು ಏಳನೇ ಕ್ಲಾಸು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಊರಿನ ಡೈರಿಯಲ್ಲಿ ಹಾಲು ಅಳೆಯುವವಳು. ಬರೆಯುವುದು ನನ್ನ ಕೆಲಸವಲ್ಲ. ಆದರೂ ಇದನ್ನು ನಾನೇ ಬರೆಯಬೇಕು. ಏಕೆಂದರೆ ಅವನನ್ನು ಸಾಯಿಸಿದವಳು ನಾನೇ!

ಆದದ್ದು ಇಷ್ಟು. ತಮ್ಮ ಮಿಲಿಟರಿಯಲ್ಲಿದ್ದ. ರಜೆ ಮುಗಿಸಿ ಹೊರಟ ದಿನ, ಕಿಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ ಎಲ್ಲಿಂದಲೋ ಬಂದ ಒಂದು ಕಾಗೆ ಅವನ ತಲೆಗೆ ರಪ್ಪನೆ ಬಡಿದು ಹೋಯಿತು. ಅವನು ನಕ್ಕು ಬಸ್ಸು ಹತ್ತಿದ. ನಮ್ಮವ್ವ ನಗಲಿಲ್ಲ.

ಕಾಗೆ ತಲೆ ಮುಟ್ಟಿದರೆ ಸಾವು ಬೆನ್ನ ಹಿಂದೆ ಇದೆ ಎಂದು ನಮ್ಮ ಕಡೆಯ ನಂಬಿಕೆ. ಪರಿಹಾರವೂ ಇದೆ. ದೂರದ ನೆಂಟರಿಗೆ ‘ಇಂಥವನು ಹೋಗಿಬಿಟ್ಟ’ ಎಂದು ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಿಜವೆಂದು ನಂಬಿ ಅಳಬೇಕು. ಅತ್ತ ಮೇಲೆ ‘ಕಾಗೆ ಮುಟ್ಟಿತ್ತು, ಅದಕ್ಕೇ’ ಎಂದು ತಿಳಿಸಿಬಿಡಬೇಕು. ಅಳು ಬಿದ್ದುಹೋಯಿತಲ್ಲ, ಇನ್ನು ಸಾವಿಗೆ ಆ ಮನೆಯಲ್ಲಿ ಕೆಲಸವಿಲ್ಲ. ಆದರೆ ಯಾರಿಗೆ ಕಾಗೆ ಮುಟ್ಟಿತೋ ಅವನಿಗೆ ಮಾತ್ರ ಈ ವಿಷಯ ತಿಳಿಯಕೂಡದು ಎಂದು ಅವ್ವನ ಕಟ್ಟಪ್ಪಣೆ.

ಫೋನು ನನ್ನ ಕೈಗೆ ಬಂತು. ನಾಗಮಂಗಲದಲ್ಲಿರುವ ಸೋದರಮಾವನಿಗೆ ಮಾಡಿದೆ.

“ಮಾವಾ, ತಮ್ಮ ಹೋಗ್ಬುಟ್ಟ ಮಾವಾ!”

ಮಾವ ಗೊಳೋ ಎಂದ. ನಾವು ತಾಯಿ ಮಗಳು ಇಲ್ಲಿ ನೆಮ್ಮದಿಯ ಉಸಿರುಬಿಟ್ಟೆವು. ಕಾಲು ಗಂಟೆ ಅಳಲಿ ಎಂದು ಬಿಟ್ಟು, ನಿಜ ಹೇಳಲು ಮತ್ತೆ ಫೋನು ಮಾಡಿದರೆ ಮಾವನ ಫೋನು ಬಿಡುವೇ ಇಲ್ಲ! ಅಳುತ್ತಲೇ ಇಡೀ ಜಿಲ್ಲೆಗೆ ತಿಳಿಸುತ್ತಿದ್ದಾನೆ. ವಾಟ್ಸಾಪಿಗೆ ಫೋಟೋ ಹಾಕಿದ್ದಾನೆ. ಅಸ್ಥಿ ಬಿಡುವುದಕ್ಕೆ ಶ್ರೀರಂಗಪಟ್ಟಣದ ಪುರೋಹಿತರಿಗೂ ಹೇಳಿಟ್ಟಿದ್ದಾನೆ. ಗಡಿಯಲ್ಲಿ ಗುಂಡಿನ ಸದ್ದು ಕೇಳುತ್ತಿದ್ದ ದಿನಗಳು. ಯೋಧ ಸತ್ತ ಎಂದರೆ ಯಾವುದರಿಂದ ಸತ್ತ ಎಂದು ಯಾರು ಕೇಳುತ್ತಾರೆ? ಮಧ್ಯಾಹ್ನ ಮೂರಕ್ಕೆ ನಮ್ಮ ತಿಪ್ಪೆಯ ಪಕ್ಕ ಟೀವಿಯವರ ವ್ಯಾನು ನಿಂತಿತು. ಬದುಕಿದ್ದಾನೆ ಎಂದು ತಮ್ಮನ ದನಿಯನ್ನೇ ಕೇಳಿಸೋಣವೆಂದರೆ ರೈಲಿನಲ್ಲಿದ್ದ ಅವನ ಫೋನು ಸ್ವಿಚ್ ಆಫ್.

ಈಗ ನನ್ನ ತಪ್ಪಿಗೆ ಬರುತ್ತೇನೆ. ವ್ಯಾನಿನಿಂದ ಇಳಿದ ಹುಡುಗಿಗೆ ‘ಕಾಗೆ ಮುಟ್ಟಿತ್ತು ಕಣಮ್ಮ, ಅಷ್ಟೇ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೇಳಬೇಕೆಂದೇ ಹೊಸಿಲು ದಾಟಿದೆ. ಆ ಹುಡುಗಿ ಮೈಕು ಹಿಡಿದು, ತಲೆ ವಾರೆ ಮಾಡಿ, “ಅಕ್ಕಾ, ಈ ಸಂದರ್ಭದಲ್ಲಿ ನಿಮಗೆ ಏನನ್ನಿಸ್ತಾ ಇದೆ?” ಎಂದಳು.

ನಿಮಗೆ ಏನನ್ನಿಸುತ್ತಿದೆ! ಹುಟ್ಟಿದಾಗಿನಿಂದ ಯಾರಾದರೂ ನನ್ನನ್ನು ಈ ಪ್ರಶ್ನೆ ಕೇಳಿದ್ದರೇ? ಮದುವೆ ಮಾಡುವಾಗ ಕೇಳಲಿಲ್ಲ, ತಾಳಿ ತೆಗೆಯುವಾಗ ಕೇಳಲಿಲ್ಲ. ನನ್ನೊಳಗೆ ಏನೋ ಕಟ್ಟೆ ಒಡೆಯಿತು. ನಾನು ಅತ್ತೆ. ಅಳುತ್ತಳುತ್ತಾ ಮಾತಾಡಿದೆ. ನನ್ನ ತಮ್ಮ ಹನ್ನೆರಡನೇ ವಯಸ್ಸಿನಲ್ಲೇ ಅಕ್ಕಿಹೆಬ್ಬಾಳಿನ ಹತ್ತಿರ ತುಂಬಿದ ಹೇಮಾವತಿಗೆ ಹಾರಿ ಕರುವನ್ನು ಉಳಿಸಿದ ಎಂದೆ. ಅವನೋ, ಹಂಡೆಯ ನೀರಿಗೂ ಹೆದರುವವನು! ಕೋಳಿ ಮಾಂಸವನ್ನು ಕೈಯಲ್ಲೂ ಮುಟ್ಟಿದವನಲ್ಲ ಎಂದೆ. ಒಂದು ಇರುವೆಯನ್ನೂ ತುಳಿದವನಲ್ಲ ಎಂದೆ. ಸೈನಿಕನ ಬಗ್ಗೆ ಹೇಳುವ ಮಾತೇ ಇದು? ಆ ಹುಡುಗಿ ಮಾತ್ರ ಕಣ್ಣೊರೆಸಿಕೊಂಡಳು. ಬಾಗಿಲ ಸಂದಿಯಲ್ಲಿ ನಿಂತಿದ್ದ ಅವ್ವ ನನ್ನನ್ನು ಯಾರೋ ಎಂಬಂತೆ ನೋಡುತ್ತಿದ್ದಳು.

ಸಂಜೆ ಏಳಕ್ಕೆ ತಮ್ಮನ ಫೋನು ಬಂತು.

“ಅಕ್ಕಾ, ನಾನು ಸತ್ತೋಗಿವ್ನಂತೆ ಕಣಕ್ಕ! ಜೊತೇಲಿರೋ ಹಾಸನದೋನು ಮೊಬೈಲಲ್ಲಿ ತೋರುಸ್ದ. ನನ್ನೆಸರಿನೋನು ಇನ್ಯಾರೋ ಇರಬೇಕು, ಪಾಪ. ಅಲ್ಲಾ, ಆ ಫೋಟೋನೇ ಯಾಕ್ ಕೊಟ್ರಿ? ಅದ್ರಲ್ಲಿ ಒಂದು ಕಿವಿ ದೊಡ್ಡದಾಗದೆ.”

ನಾನು ಕಾಗೆಯ ಗುಟ್ಟು ಬಿಡಲಿಲ್ಲ. ಅವ್ವ ಕಣ್ಣಲ್ಲೇ ಬೇಡ ಎಂದಳು. ಮಾವ ತಾನು ಮಾಡಿದ್ದಕ್ಕೆ ನಾಚಿ ಬಾಯಿ ಹೊಲಿದುಕೊಂಡ. ಟೀವಿಯವರು ತಪ್ಪಾಯಿತು ಎನ್ನಲಿಲ್ಲ. ಸುಮ್ಮನೆ ಬೇರೆ ಸುದ್ದಿಗೆ ಹೊರಟುಹೋದರು.

ಎರಡು ವರ್ಷದ ಮೇಲೆ ಸರ್ವಿಸು ಮುಗಿಸಿ ತಮ್ಮ ಊರಿಗೆ ಬಂದ. ಬಂದವನು ಒಬ್ಬನೇ ಬರಲಿಲ್ಲ, ಸತ್ತವನನ್ನೂ ಜೊತೆಯಲ್ಲಿ ಕರೆದುಕೊಂಡು ಬಂದ!

ಮೊದಲ ಕೆಲಸ, ಅವನು ಸತ್ತನೆಂದು ಊರವರು ಅವನ ಫೋಟೋ ಹಾಕಿ ಕಟ್ಟಿದ್ದ ಫ್ಲೆಕ್ಸನ್ನು ಯಾರದೋ ಅಟ್ಟದಿಂದ ಹುಡುಕಿ ತಂದದ್ದು. ‘ವೀರಯೋಧ, ಮತ್ತೆ ಹುಟ್ಟಿ ಬಾ’ ಎಂದಿತ್ತು. ಅದನ್ನು ಹಿತ್ತಲಿನ ಹುಲ್ಲಿನ ಮೆದೆಗೆ ಹೊದಿಸಿದ. ಗಾಳಿ ಒಳಗೆ ನುಗ್ಗಿದಾಗ ಫ್ಲೆಕ್ಸಿನ ಕೆನ್ನೆ ನಿಧಾನ ಉಬ್ಬುತ್ತದೆ, ನಿಧಾನ ಇಳಿಯುತ್ತದೆ. ಮಲಗಿದವನು ಉಸಿರಾಡಿದ ಹಾಗೆ. ನಮ್ಮ ಹಸು ಇವನ ಕೈಯಿಂದ ಹುಲ್ಲು ತಿನ್ನುತ್ತದೆ, ಆ ಮುಖವನ್ನು ನೋಡಿದರೆ ಹಗ್ಗ ಜಗ್ಗುತ್ತದೆ. ಪಾಂಡವಪುರದಿಂದ ಹೆಣ್ಣಿನ ಕಡೆಯವರು ಗಂಡು ನೋಡಲು ಬಂದರು. ಹುಡುಗಿಯ ಅಪ್ಪ ಕೈ ತೊಳೆಯಲು ಹಿತ್ತಲಿಗೆ ಹೋದವನು, ಮೆದೆಯನ್ನೂ ನೋಡಿ, ಅದರ ಪಕ್ಕ ಹಲ್ಲುಕಿರಿದು ನಿಂತಿದ್ದ ಗಂಡನ್ನೂ ನೋಡಿ, ಕಾಫಿ ಕುಡಿಯದೆ ಕಾರು ಹತ್ತಿದ. ಇವತ್ತಿಗೂ ತಮ್ಮನಿಗೆ ಮದುವೆಯಿಲ್ಲ.

ಆಮೇಲೆ ಕೋಳಿ ತಿನ್ನುವುದನ್ನು ಬಿಟ್ಟ. ಕಿಕ್ಕೇರಿಯ ಒಂದು ಬೀಗರೂಟದಲ್ಲಿ ಬಡಿಸುವವನು ಕೋಳಿಸಾರಿನ ಬಕೆಟ್ಟು ಹಿಡಿದು ನಿಂತರೆ, ಇವನು ಎಲೆಗೆ ಕೈ ಅಡ್ಡ ಇಟ್ಟ.

“ಬ್ಯಾಡ ಕಣ್ಲಾ. ಅವ್ನು ತಿಂತಿರ್ಲಿಲ್ಲ.”

“ಯಾರ್ಲಾ ಅವ್ನು?”

“ಸತ್ತೋದನಲ್ಲ, ಅವ್ನು. ನಂಗಿಂತ ಒಳ್ಳೇನು ಕಣ್ಲಾ ಅವ್ನು. ಅಕ್ಕನೇ ಹೇಳವ್ಳಲ್ಲ ಟೀವೀಲಿ.”

ಬಡಿಸುವವನ ಕೈಯಿಂದ ಸೌಟು ಬಕೆಟ್ಟಿನೊಳಗೆ ಜಾರಿತು. ಪಕ್ಕದ ಎಲೆಯವನು ಮೆಲ್ಲಗೆ ಆಚೆ ಸರಿದು ಕೂತ. ನಾನು ಎಲೆ ಮಡಚಿ ಎದ್ದೆ.

ಕರುವಿನ ಸಮಾಚಾರ ಕೇಳಿ. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ದಿನ ನಮ್ಮ ಕರುವನ್ನು ಹೊಡೆದುಕೊಂಡು ಅಕ್ಕಿಹೆಬ್ಬಾಳಿಗೆ ಹೊರಟ. ಹೊಳೆಗೆ ಕರುವನ್ನು ಇಳಿಸುವುದು, ಹಿಂದೆ ತಾನೂ ಹಾರುವುದು, ಕಾಪಾಡುವುದು. “ಟೀವೀಲಿ ಬಂದ್ಬುಟ್ಟದೆ ಅಕ್ಕ, ಇಲ್ದಿದ್ರೆ ನೀನು ಸುಳ್ಳು ಹೇಳ್ದಂಗಾಯ್ತದೆ,” ಎಂದ. ಕರು ನೀರಿಗಿಳಿದು ಹಾಯಾಗಿ ಈಜಿಕೊಂಡು ಆಚೆ ದಡಕ್ಕೆ ಹೊರಟಿತು. ಇವನು ಹಾರಿ ಎರಡು ಸಲ ಮುಳುಗಿ, ಮೂರನೇ ಸಲಕ್ಕೆ ಅದರ ಬಾಲ ಹಿಡಿದ. ಕೊನೆಗೆ ಕಾಪಾಡಿದ್ದು ಕರು! ಊರೆಲ್ಲ ವಾರಗಟ್ಟಲೆ ನಕ್ಕಿತು. ನಾನು ಒದ್ದೆ ಬಟ್ಟೆ ಹಿಂಡುತ್ತಾ ಯೋಚಿಸಿದೆ: ನನ್ನ ಒಂದು ಸುಳ್ಳಿಗೆ ಇವನು ಇವತ್ತು ನಿಜವಾಗಿಯೇ ಸಾಯುತ್ತಿದ್ದನಲ್ಲ?

ಅವನ ಮೊಬೈಲಿನಲ್ಲಿ ನಾನು ಟೀವಿಯಲ್ಲಿ ಅತ್ತ ವಿಡಿಯೋ ಇದೆ. ದಿನಕ್ಕೊಮ್ಮೆಯಾದರೂ ನೋಡುತ್ತಿದ್ದ. “ನೋಡು, ಎಂಗ್ ಅತ್ತಿದ್ದೀಯ! ಬದುಕಿರೋವಾಗ್ಲೇ ಇದ್ನ ನೋಡೋ ಪುಣ್ಯ ಯಾರಿಗದೆ ಅಕ್ಕ?” ಎನ್ನುತ್ತಿದ್ದ. ನೀವೇ ಹೇಳಿ. ಅದು ಕಾಗೆಯ ಶಾಸ್ತ್ರ, ನೀನು ಬದುಕಿದ್ದೀಯ ಎಂದು ಗೊತ್ತಿದ್ದೇ ಅತ್ತೆ ಎಂದು ಯಾವ ಬಾಯಲ್ಲಿ ಹೇಳಬೇಕಿತ್ತು? ಹೇಳಿದ್ದರೆ ಅವನಿಗೆ ಉಳಿಯುತ್ತಿದ್ದುದೇನು? ಹೋದ ವರ್ಷ ಅವ್ವನೂ ತೀರಿಕೊಂಡಳು. ಆ ಗುಟ್ಟನ್ನು ಮನೆಯಲ್ಲಿ ನಾನೊಬ್ಬಳೇ ಹೊರುವಂತಾಯಿತು.

ಇದೆಲ್ಲ ನಗುವ ಮಾತಾಯಿತು. ಇನ್ನೊಂದಿದೆ, ಅದಕ್ಕೆ ನನಗೆ ನಗು ಬರುವುದಿಲ್ಲ. ಗಡಿಯಿಂದ ಸಾವಿನ ಸುದ್ದಿ ಬಂದಾಗಲೆಲ್ಲ ಆ ಚಾನೆಲಿನವರು ಹಿಂದೆ ಸತ್ತ ನಮ್ಮ ಕಡೆಯ ಯೋಧರ ಫೋಟೋಗಳನ್ನು ಸಾಲಾಗಿ ತೋರಿಸುತ್ತಾರೆ. ಐದು ಮುಖ, ಹಿಂದೆ ಬೂದು ಬಣ್ಣದ ಮೋಡ. ಎಡಗಡೆಯಿಂದ ಮೂರನೆಯವನು ನನ್ನ ತಮ್ಮ! ತೆಗೆದುಹಾಕುವುದು ಯಾರಿಗೂ ನೆನಪಾಗಿಲ್ಲ. ನಾನು ಕಂಪ್ಲೇಂಟು ಕೊಡೋಣ ಎಂದರೆ ಇವನು ಬೇಡವೇ ಬೇಡ ಎಂದ.

“ಮೊದ್ಲು ಮೂರು ದಿನ ಸತ್ತೋನಿಗೆ ಗೊತ್ತಾಗಕ್ಕಿಲ್ಲ ಕಣಕ್ಕ. ಎಲ್ಲಾ ಕಡೆ ತೋರುಸ್ತಾ ಇರ್ತಾರಲ್ಲ. ನಾಕ್ನೇ ದಿನ ತೋರ್ಸದು ನಿಲ್ಲುಸ್ತಾರೆ ನೋಡು, ಆವಾಗ ಗೊತ್ತಾಯ್ತದೆ ಸತ್ತೋಗಿವ್ನಿ ಅಂತ. ಆವಾಗ ಜೊತೇಲಿ ಯಾರಾದ್ರೂ ಇರ್ಬೇಕು.”

ಹಾಗಾಗಿ ಜೊತೆಗಿರಲು ಇವನು ಹೊರಟ. ಸಾಲಿನಲ್ಲಿರುವವರ ಊರುಗಳನ್ನು ವಿಚಾರಿಸಿಕೊಂಡು ಒಬ್ಬೊಬ್ಬರ ಮನೆಗೂ ಹೋಗುತ್ತಾನೆ. “ಪಕ್ಕದಲ್ಲೇ ಇರ್ತೀವಿ, ಹೋಗ್ದಿದ್ರೆ ಚೆನ್ನಾಗಿರಕ್ಕಿಲ್ಲ,” ಎನ್ನುತ್ತಾನೆ. ನೆರೆಮನೆಯವರ ಮಾತು ಆಡಿದ ಹಾಗೆ! ಹೋದ ತಿಂಗಳು, ಇವನ ತಲೆ ಎಷ್ಟು ಕೆಟ್ಟಿದೆ ನೋಡೋಣವೆಂದು ನಾನೂ ಜೊತೆಗೆ ಹೋದೆ. ನಾಗಮಂಗಲದಲ್ಲಿ ಇಳಿದು ಇನ್ನೊಂದು ಬಸ್ಸಿನಲ್ಲಿ ಅರ್ಧ ಗಂಟೆ. ನಾಲ್ಕನೆಯವನ ಮನೆ.

ನಡು ಮಧ್ಯಾಹ್ನ. ತೆಂಗಿನ ಗರಿಯೂ ಅಲ್ಲಾಡುತ್ತಿರಲಿಲ್ಲ. ಜಗುಲಿಯಲ್ಲಿ ಒಬ್ಬಳು ಮುದುಕಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಲೆಯೆತ್ತಿದಳು. ತಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು.

“ನನ್ನ ಮಗನ ಪಕ್ಕದಲ್ಲಿರೋನಲ್ವಾ ನೀನು?”

“ಊಂ ಕಣವ್ವ.”

ಮುದುಕಿ ಹೆದರಲಿಲ್ಲ, ಬೆರಗಾಗಲೂ ಇಲ್ಲ. ಕೈಯಲ್ಲಿದ್ದ ಬೀಜವನ್ನು ಮೊರಕ್ಕೆ ಹಾಕಿ, ಮಗ ಕೆಲಸಕ್ಕಿರುವ ಪಟ್ಟಣದಿಂದ ಬಂದವನನ್ನು ಕೇಳುವಂತೆ ಕೇಳಿದಳು:

“ಎಂಗವ್ನಪ್ಪಾ ನನ್ನ ಮಗ?”

“ಚೆನ್ನಾಗವ್ನೆ ಕಣವ್ವ.”

“ಚಳಿ ಅದಾ ಅಲ್ಲಿ?”

“ಇಲ್ಲ ಕಣವ್ವ. ಈಗ ಚಳಿ ಇಲ್ಲ.”

“ಕೆಂದಸ ಕರ ಹಾಕ್ತು ಅಂತ ಹೇಳ್ಬುಡು. ಹೆಣ್ಗರ.” ಆಮೇಲೆ ನನ್ನ ಕಡೆ ತಿರುಗಿದಳು. “ನೀನ್ಯಾರವ್ವ? ನೀನೂ ಆ ಕಡೆಯೋಳಾ?”

“ಇಲ್ಲ ಕಣವ್ವ,” ಎಂದೆ. “ನಾನು ಈ ಕಡೆಯೋಳು.”

ವಾಪಸು ಬರುವಾಗ ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಕೂತೆವು. ತಮ್ಮ ಕಡಲೆಕಾಯಿ ಸುಲಿಯುತ್ತಿದ್ದ. ನನಗೆ ತಡೆಯಲಾಗಲಿಲ್ಲ. ನನ್ನ ಸುಳ್ಳು ಇವನನ್ನು ಸತ್ತವರ ಸುದ್ದಿ ಹೊರುವವನನ್ನಾಗಿ ಮಾಡಿತ್ತು. ಇನ್ನೂ ಸುಮ್ಮನಿದ್ದರೆ ಇವನು ಒಂದು ದಿನ ಪೂರ್ತಿ ಆ ಕಡೆಗೇ ಹೋಗಿಬಿಡುತ್ತಾನೆ ಅನಿಸಿತು.

“ಲೇ, ಅವತ್ತು ನಂಗೊತ್ತಿತ್ತು ಕಣ್ಲಾ.”

“ಏನು?”

“ನೀನು ಬದುಕಿದ್ದೀಯ ಅಂತ.” ಕಾಗೆ, ಅವ್ವ, ಮಾವ, ಮೈಕು, ಎಲ್ಲ ಹೇಳಿದೆ. ತಪ್ಪಾಯ್ತು ಎಂದೆ.

ಸುಲಿಯುವ ಕೈ ನಿಂತಿತು.

“ಕರ ಸುಳ್ಳು, ಕೋಳಿ ಸುಳ್ಳು, ನಂಗೂ ಗೊತ್ತಿತ್ತು ಬುಡು,” ಎಂದ. “ಅತ್ತಿದ್ದೂ ಸುಳ್ಳಾ ಅಕ್ಕ?”

ಉತ್ತರ ನನಗೇ ಗೊತ್ತಿರಲಿಲ್ಲ. ಹೇಳುತ್ತಾ ಹೋದಂತೆ ಗೊತ್ತಾಯಿತು. ಮಿಲಿಟರಿಗೆ ಹೊರಟವನ ಮುಂದೆ ಹೆಣ್ಣುಮಕ್ಕಳು ಕಣ್ಣೀರು ಹಾಕಬಾರದು ಎಂದು ಅವ್ವ ಹೇಳಿದ್ದಳು. ಅವನು ರಜೆ ಮುಗಿಸಿ ಹೊರಟ ಒಂದೊಂದು ಸಲವೂ ನಾನು ನಕ್ಕು ಕಳಿಸಿದ್ದೆ. ಹದಿನೈದು ವರ್ಷ. ಬಸ್ಸು ತಿರುವು ದಾಟುವವರೆಗೂ ನಗುವುದು, ಆಮೇಲೆ ಡೈರಿಗೆ ಹೋಗಿ ಹಾಲು ಅಳೆಯುವುದು.

“ಅಷ್ಟೂ ಸಲದ್ದು ಇತ್ತು ಕಣ್ಲಾ ಒಳಗೆ,” ಎಂದೆ. “ಅವತ್ತು ಯಾರೋ ಕೇಳುದ್ರು. ಬಂದ್ಬುಡ್ತು.”

ಕೆ.ಆರ್. ಪೇಟೆ ಬಸ್ಸು ಬಂತು. ಅವನು ಎದ್ದು ಹತ್ತಿದ. ಕಂಡಕ್ಟರು ಸೀಟಿ ಊದಿದ. ನನಗೆ ಕಲ್ಲುಬೆಂಚಿನಿಂದ ಏಳಲಾಗಲಿಲ್ಲ. ಸಂತೆಯಷ್ಟು ಜನರ ನಡುವೆ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದೆ. ಹೊರಟ ಬಸ್ಸು ಹತ್ತು ಮಾರು ಹೋಗಿ ನಿಂತಿತು. ಕಂಡಕ್ಟರನ ಬೈಗುಳ ಕೇಳಿಸಿತು. ತಮ್ಮ ಇಳಿದು ಬಂದು ಪಕ್ಕದಲ್ಲಿ ಕೂತ.

“ಮುಂದಿನ ಬಸ್ಸಿಗೆ ಹೋಗಣ ಬುಡು,” ಎಂದ. “ನೀನು ಅಳು. ನಾನು ಇಲ್ಲೇ ಇರ್ತೀನಿ.”