ನಮ್ಮತ್ತೆಯ ಟಪಾಲು ಹಡಗು

ನಮ್ಮ ಸೋದರತ್ತೆಯ ಮನೆಗೆ ಪ್ರತಿ ಶುಕ್ರವಾರ ಹಡಗು ಬರುತ್ತದೆ. ನಗಬೇಡಿ! ಅವರ ಮನೆ ಇರುವುದು ಶೆಟ್ಟಿಕೆರೆ ಪಕ್ಕದ ತೆಂಗಿನ ತೋಟದಲ್ಲಿ, ಅಲ್ಲಿಗೆ ಬಸ್ಸೇ ನೆಟ್ಟಗೆ ಬರುವುದಿಲ್ಲ ಎನ್ನುವುದು ನನಗೂ ಗೊತ್ತು. ಅತ್ತೆ ತಮ್ಮ ಎಂಬತ್ತು ವರ್ಷದಲ್ಲಿ ಕಂಡ ಅತಿ ದೊಡ್ಡ ನೀರೆಂದರೆ ಬೋರನಕಣಿವೆ ಜಲಾಶಯದ್ದು. ಅದನ್ನು ನೋಡಿಯೂ "ಇಷ್ಟೇಯಾ?" ಎಂದು ಸೆರಗು ಕೊಡವಿ ಎದ್ದು ಬಂದವರು. ಆದರೂ ಹಡಗು ಬರುತ್ತದೆ.

ಈ ಹಡಗು ಹೊರಟದ್ದು ಬ್ರಿಟಿಷರ ಕಾಲದಲ್ಲಿ. ಅತ್ತೆಯ ತಾತ, ಅಂದರೆ ನನ್ನ ಮುತ್ತಾತ, ಮೊದಲ ಮಹಾಯುದ್ಧಕ್ಕೆ ಕುದುರೆ ನೋಡಿಕೊಳ್ಳುವ ಆಳಾಗಿ ಸಮುದ್ರ ದಾಟಿದವನು. ಅವನು ಬರೆಸಿದ ಕಾಗದ ಟಪಾಲು ಹಡಗಿನಲ್ಲಿ ಬೊಂಬಾಯಿಗೆ ಬಂದು, ರೈಲಿನಲ್ಲಿ ತಿಪಟೂರಿಗೆ ಬಂದು, ಅಲ್ಲಿಂದ ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡುವ ಅಂಚೆಯವನ ಹೆಗಲೇರಿ ಶುಕ್ರವಾರ ಊರು ಮುಟ್ಟುತ್ತಿತ್ತು. ಇಷ್ಟಕ್ಕೆಲ್ಲ ಒಂದು ತಿಂಗಳು. ಒಂದು ದಿನ ಕಾಗದದ ಬದಲು ತಂತಿ ಬಂತು: ಮುತ್ತಾತ ತೀರಿಕೊಂಡಿದ್ದ. ಊರವರು ಸೇರಿ ಅತ್ತರು, ತಿಥಿ ಮಾಡಿದರು, ಮುತ್ತಜ್ಜಿಯ ಬಳೆ ಒಡೆಸಿದರು. ಮಾರನೆಯ ಶುಕ್ರವಾರ ಸತ್ತವನ ಕಾಗದ ಬಂತು! "ನಾನು ಕ್ಷೇಮ" ಅಂತ! ಅದರ ಮುಂದಿನ ಶುಕ್ರವಾರ ಇನ್ನೊಂದು. ಹೀಗೆ ನಾಲ್ಕು ಶುಕ್ರವಾರ, ನಾಲ್ಕು ಕಾಗದ.

ತಂತಿ ವೇಗ, ಹಡಗು ನಿಧಾನ, ಅಷ್ಟೇ. ಇತಿಹಾಸ ಓದಿ ಡಿಗ್ರಿ ಪಡೆದ ನಾನು ಇದನ್ನು ಯಾರಿಗೆ ಬೇಕಾದರೂ ವಿವರಿಸಬಲ್ಲೆ. ಆದರೆ ಮುತ್ತಜ್ಜಿಗೆ ವಿವರಿಸಲು ಆಗ ನಾನಿರಲಿಲ್ಲವಲ್ಲ! ನಾಲ್ಕನೆಯ ಕಾಗದದ ಕೊನೆಯಲ್ಲಿ "ಅಟ್ಟದ ಕಾಯಿ ಸದ್ದು ಮಾಡ್ತಾವಾ? ತಿಳಿಸು" ಎಂದಿತ್ತಂತೆ. ನಮ್ಮ ಕಡೆ ಕಾಯಿ ಕಿತ್ತ ಕೂಡಲೇ ಒಡೆಯುವುದಿಲ್ಲ. ಹತ್ತಿರ ಹತ್ತಿರ ಒಂದು ವರ್ಷ ಅಟ್ಟದ ಮೇಲಿಡುತ್ತೇವೆ. ಒಳಗಿನ ತಿರುಳು ಒಣಗಿ, ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗ ಅದು ಕೊಬ್ಬರಿ. ಮುತ್ತಜ್ಜಿ ಸತ್ತ ಗಂಡನಿಗೆ ಉತ್ತರ ಬರೆಸಿ ಟಪಾಲಿಗೆ ಹಾಕಿಸಿದಳು: "ಸದ್ದು ಮಾಡ್ತಾವೆ." ಅದು ತಲುಪಿದ ಸುದ್ದಿ ಇವತ್ತಿನವರೆಗೂ ಬಂದಿಲ್ಲ.

ಆ ಮುತ್ತಜ್ಜಿಯ ಮಡಿಲಲ್ಲಿ ಬೆಳೆದವರು ನಮ್ಮತ್ತೆ. ಹಾಗಾಗಿ ಒಳ್ಳೆಯದೋ ಕೆಟ್ಟದ್ದೋ, ಯಾವ ಸುದ್ದಿಯನ್ನೂ ನಾಲ್ಕು ಶುಕ್ರವಾರ ಕಳೆಯದೆ ನಂಬುವವರಲ್ಲ.

ನಮ್ಮ ವಂಶದಲ್ಲಿ ಡಿಗ್ರಿ ಪಾಸಾದವನು ನಾನೇ ಮೊದಲು. ಹಾಸ್ಟೆಲಿನ ನೀರುಸಾರು ಉಂಡು, ರಜೆಯಲ್ಲಿ ತೆಂಗಿನಕಾಯಿಯ ಮಟ್ಟೆ ಸುಲಿದು, ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು ಎದ್ದು ಪಾಸಾದವನು. ಫಲಿತಾಂಶ ಬಂದ ದಿನ ಅತ್ತೆಯ ಮನೆಗೆ ಓಡಿದೆ.

"ಅತ್ತೆ, ಪಾಸಾದೆ!"

"ಹಡಗು ಬರ್ಲಿ ಬುಡು ಮಗಾ."

"ಯಾವ ಹಡಗತ್ತೆ? ಇಂಟರ್‌ನೆಟ್ಟಲ್ಲೇ ಬಂದೈತೆ!"

"ಅದು ತಂತಿ ಕಣ್ಲಾ. ತಂತಿ ನಂಬ್ಕಂಡು ಬಳೆ ಒಡ್ಕಂಡೋರ ಮನೆ ನಮ್ದು."

ನಾಲ್ಕನೆಯ ಶುಕ್ರವಾರ, ಊರೆಲ್ಲ ನನ್ನ ಡಿಗ್ರಿಯನ್ನು ಮರೆತ ಮೇಲೆ, ಒಂದು ಡಬರಿ ಒಬ್ಬಟ್ಟು ಹೊತ್ತು ತುರುವೇಕೆರೆಯ ನಮ್ಮ ಮನೆಗೆ ಬಂದರು. "ಈಗ ಪಾಸಾದೆ ಕಣಪ್ಪ!" ಎಂದು ದೃಷ್ಟಿ ತೆಗೆದರು.

ಇಲ್ಲಿಯವರೆಗೆ ತಮಾಷೆಯೇ. ತಮಾಷೆಯಲ್ಲದ್ದೂ ಒಂದಿದೆ. ಶುಕ್ರವಾರ ಬೆಳಗ್ಗೆ ಅತ್ತೆ ಹೊಸಿಲ ಹೊರಗೆ ಒಂದು ಚೊಂಬು ನೀರಿಡುತ್ತಾರೆ. ಹಡಗಿನ ಟಪಾಲು ಹೊತ್ತು ತಿಪಟೂರಿನಿಂದ ಓಡಿ ಬರುವವನಿಗೆ. ಮಧ್ಯಾಹ್ನದ ಹೊತ್ತಿಗೆ ಚೊಂಬು ಖಾಲಿ! ಬೆಕ್ಕು ಕುಡಿದಿರಬೇಕು ಎಂದೆ. ಅತ್ತೆಯ ಮನೆಯಲ್ಲಿ ಬೆಕ್ಕಿಲ್ಲ. ಬಿಸಿಲಿಗೆ ಆರಿರಬೇಕು ಎಂದೆ. ಆವತ್ತು ಮೋಡ. ಆಮೇಲೆ ಕಾರಣ ಹುಡುಕುವುದನ್ನು ಬಿಟ್ಟೆ. ಡಿಗ್ರಿಯ ಮರ್ಯಾದೆಯನ್ನೂ ಉಳಿಸಿಕೊಳ್ಳಬೇಕಲ್ಲ!

ಅಪ್ಪ ತನ್ನ ಅಕ್ಕನಿಗೆ ಒಂದು ಮೊಬೈಲು ಕೊಡಿಸಿ, ಮಾತನ್ನು ರೆಕಾರ್ಡು ಮಾಡಿ ಕಳಿಸುವುದನ್ನು ಕಲಿಸಿದ್ದರು. ಅತ್ತೆ ಚೆನ್ನಾಗಿಯೇ ಕಲಿತರು. ಆದರೆ ನೆಟ್ಟು ಹಾಕುವುದು ಮಾತ್ರ ಶುಕ್ರವಾರ! ವಾರವಿಡೀ ಅಪ್ಪ ಕಳಿಸಿದ ಮಾತುಗಳೆಲ್ಲ ಎಲ್ಲೋ ನಡುನೀರಿನಲ್ಲಿ ತೇಲುತ್ತಿದ್ದು, ಶುಕ್ರವಾರ ದಡ ಸೇರುತ್ತಿದ್ದವು.

ಈ ವರ್ಷ ಅಪ್ಪ ಎದೆನೋವೆಂದು ಆಸ್ಪತ್ರೆ ಸೇರಿದರು. ಬುಧವಾರ ಹೋಗಿಬಿಟ್ಟರು.

ಅತ್ತೆ ಬಂದರು. ತಮ್ಮನ ಹಣೆಯ ಮೇಲೆ ಕೈಯಿಟ್ಟರು. ಗೋಡೆಗೊರಗಿ ಕೂತರು. ಕಣ್ಣಲ್ಲಿ ಒಂದು ಹನಿಯಿಲ್ಲ. "ಕಲ್ಲು ಕಣಮ್ಮ ಈವಮ್ಮ" ಎಂದು ಹೆಂಗಸರು ಗೊಣಗಿದರು. ನನಗೂ ಸಿಟ್ಟು ಬಂತು.

"ಅತ್ತೆ, ಅಪ್ಪ ಹೋದ್ರು. ಅತ್ತುಬುಡಿ."

"ತಂತಿ ಬಂದದೆ ಕಣಪ್ಪ. ಹಡಗು ಬಂದಿಲ್ಲ."

ಶುಕ್ರವಾರ ಜಗಳ ಆಡಲೆಂದೇ ಅವರ ಮನೆಗೆ ಹೋದೆ. ಹೊಸಿಲಾಚೆ ಚೊಂಬು ಖಾಲಿಯಾಗಿ ಕೂತಿತ್ತು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಮೊಬೈಲಿಗೆ ನೆಟ್ಟು ಹಾಕಿದರು. ಟಿಣ್! ಅಪ್ಪನ ದನಿ.

"ಅಕ್ಕಯ್ಯಾ, ನಾನು ಚೆನ್ನಾಗಿವ್ನಿ. ಡಾಕ್ಟ್ರು ನಾಳೆ ಬುಡ್ತಾರಂತೆ. ಅಟ್ಟದ ಕಾಯಿ ಸದ್ದು ಮಾಡ್ತಾವಾ? ತಿಳ್ಸು."

ಮಂಗಳವಾರ ಕಳಿಸಿದ್ದು. ನನ್ನ ಮೈಯ ಕೂದಲೆಲ್ಲ ಎದ್ದು ನಿಂತವು. ನಮ್ಮ ಸೀಮೆಯಲ್ಲಿ ಎಲ್ಲರೂ ಕೇಳುವ ಮಾತಿದು, ಊಟ ಆಯ್ತಾ ಎಂದು ಕೇಳಿದ ಹಾಗೆ ಎಂದು ನನಗೆ ನಾನೇ ಮೂರು ಸಲ ಹೇಳಿಕೊಂಡೆ. ಮೂರು ಸಲವೂ ಕೂದಲು ಮಲಗಲಿಲ್ಲ. ಅತ್ತೆಗೆ ಮಾತ್ರ ಗಾಬರಿಯೇ ಇಲ್ಲ!

"ಅಟ್ಟ ಹತ್ತು. ಒಂದು ಕಾಯಿ ತಕ್ಕಂಡ್ ಬಾ."

ನಡುಹಗಲಲ್ಲೂ ಅಟ್ಟದಲ್ಲಿ ಕತ್ತಲು. ಸಾವಿರಾರು ಕಾಯಿ ಒಂದರ ಪಕ್ಕ ಒಂದು, ಕಿವಿಗೊಟ್ಟು ಕೂತ ಜನರ ಹಾಗೆ. ಒಂದನ್ನೆತ್ತಿ ಅಲ್ಲಾಡಿಸಿದೆ. ಗಡಗಡ. ಹಿಂದಿನ ಮೂಲೆಯಲ್ಲಿ, ನಾನು ಮುಟ್ಟದ ಇನ್ನೊಂದು ಕಾಯಿ ಗಡಗಡ ಎಂದಿತು! ಇಲಿ. ಇಲಿಯೇ. ಡಿಗ್ರಿಯಾದವನು ಇನ್ನೇನು ತಾನೇ ಅನ್ನಲಿ? ಎಷ್ಟು ಮೆಟ್ಟಿಲು ಬಿಟ್ಟು ಇಳಿದೆನೋ ನೆನಪಿಲ್ಲ.

ಅತ್ತೆ ಮೊಬೈಲಿನ ಬಾಯಿಗೆ ಹಿಡಿದು ಕಾಯಿ ಅಲ್ಲಾಡಿಸಿ, "ಸದ್ದು ಮಾಡ್ತಾವೆ ಕಣಪ್ಪ" ಎಂದು ಕಳಿಸಿದರು. ಪಕ್ಕದಲ್ಲಿ ಒಂದೇ ರೈಟ್ ಮಾರ್ಕು ಬಿತ್ತು.

"ಹೊರಡ್ತು. ಎರಡು ಬಿದ್ರೆ ಮುಟ್ತು ಅಂತ ನಿಮ್ಮಪ್ಪನೇ ಹೇಳ್ಕೊಟ್ಟವ್ನೆ."

ಅಪ್ಪನ ಮೊಬೈಲು ಆಫಾಗಿ ನಮ್ಮ ಮನೆಯ ಬೀರುವಿನಲ್ಲಿತ್ತು. ಅದನ್ನು ಆನ್ ಮಾಡುವ ಧೈರ್ಯ ನನಗೆ ಬಂದಿರಲಿಲ್ಲ.

ತಿಥಿಯಲ್ಲೂ ಅತ್ತೆ ಅಳಲಿಲ್ಲ, ಎಡೆ ಊಟ ಮುಟ್ಟಲಿಲ್ಲ. ಶುಕ್ರವಾರವಾದರೆ ಫೋನು: "ಒಂದೇ ರೈಟು ಕಣ್ಲಾ." ವಾರದಿಂದ ವಾರಕ್ಕೆ ದನಿ ಸಣ್ಣಗಾಗುತ್ತಿತ್ತು. ಪಕ್ಕದ ಮನೆಯವರು ಅನ್ನವೇ ಇಳಿಯುತ್ತಿಲ್ಲ ಎಂದರು. ನಾಲ್ಕನೆಯ ಶುಕ್ರವಾರ ಮಧ್ಯಾಹ್ನ ಅತ್ತೆ ಹೇಳಿದರು: "ನಮ್ಮಜ್ಜಿ ಬರ್ಸಿದ್ದೂ ಮುಟ್ನಿಲ್ಲ. ನಂದೂ ಮುಟ್ಟಾಕಿಲ್ಲ ಕಣ್ ಮಗಾ." ಫೋನಿಟ್ಟರು.

ಬೀರು ತೆಗೆದೆ. ಅಪ್ಪನ ಮೊಬೈಲಿಗೆ ಚಾರ್ಜರು ಸಿಕ್ಕಿಸಿದೆ. ನಾನು ಮಾಡುತ್ತಿರುವುದು ಮೋಸವೋ, ಅಂಚೆಯವನ ಕೆಲಸವೋ? ತೀರ್ಮಾನವಾಗುವ ಮೊದಲೇ ಪರದೆ ಬೆಳಗಿತು. ಟಿಣ್!

ತೆರೆದು ಕೇಳಿದೆ. ಗಡಗಡ. "ಸದ್ದು ಮಾಡ್ತಾವೆ ಕಣಪ್ಪ." ಅದರ ಹಿಂದೆ, ಎಲ್ಲೋ ಬಹಳ ದೂರದಲ್ಲಿ, ಉದ್ದಕ್ಕೆ ಒಂದು ಭೋಂ... ಆವತ್ತು ಪಕ್ಕದಲ್ಲೇ ನಿಂತಿದ್ದ ನನಗೆ ಅದು ಕೇಳಿಸಿರಲಿಲ್ಲ. ಶೆಟ್ಟಿಕೆರೆ ಬಸ್ಸಿನ ಹಾರನ್ನೇ ಇರಬೇಕು. ಆ ಹೊತ್ತಿಗೆ ಅಲ್ಲಿ ಬಸ್ಸಿದೆಯೇ ಎಂದು ನಾನು ಯಾರನ್ನೂ ವಿಚಾರಿಸಿಲ್ಲ. ವಿಚಾರಿಸುವುದೂ ಇಲ್ಲ.

ನನ್ನ ಫೋನು ಬಡಿದುಕೊಂಡಿತು.

"ಎರಡು ಬಿತ್ತು ಕಣ್ಲಾ! ಮುಟ್ತು! ಅವನ್ಗೆ ಮುಟ್ತು!"

ಆಮೇಲೆ ಅತ್ತೆ ಅತ್ತರು. ತಮ್ಮನ ಹೆಸರು ಹಿಡಿದು, ಎದೆ ಬಿರಿಯುವ ಹಾಗೆ ಅತ್ತರು. ನಾನು ಫೋನು ಇಡಲಿಲ್ಲ. ನನಗೂ ಅಳುವುದು ಬಾಕಿಯಿತ್ತು.

ಅವರ ಅಳು ಇಳಿದ ಮೇಲೆ ಎದ್ದೆ. ಗೋಡೆಯ ಮೇಲೆ ಫ್ರೇಮಿನೊಳಗಿಂದ ನನ್ನ ಡಿಗ್ರಿ ಸರ್ಟಿಫಿಕೇಟು ನೋಡುತ್ತಿತ್ತು. ನೋಡಲಿ ಬಿಡಿ. ಒಂದು ಚೊಂಬು ನೀರು ತುಂಬಿ ಹೊಸಿಲ ಹೊರಗಿಟ್ಟೆ. ಅಷ್ಟು ದೂರದಿಂದ ಓಡಿ ಬಂದವನಿಗೆ ಬಾಯಾರಿರುತ್ತದೆ.