ಓನರಮ್ಮ ಫೈನಲ್ ತಲುಪಿದ್ದು

ನಿಯಮ ಇರುವ ಕಡೆ ಅದರಿಂದ ನುಣುಚಿಕೊಳ್ಳುವವರೂ ಇರುತ್ತಾರೆ. ನಾನು ಕೆಲಸ ಮಾಡುವ ಟಿವಿ ಸ್ಪರ್ಧೆಯಲ್ಲಂತೂ ಇದು ದಿನದ ಮಾತು. ಅಲ್ಲಿ ಸ್ಪರ್ಧಿಗಳು ಮೊದಲು ಸಾಹಸ ಮಾಡಬೇಕು, ಆಮೇಲೆ ವೋಟು ಹಾಕಿ ಒಬ್ಬರನ್ನೊಬ್ಬರು ಹೊರಗೆ ಕಳಿಸಬೇಕು, ಕೊನೆಗೆ ಉಳಿದವರಿಗೆ ರಸಪ್ರಶ್ನೆ. ನಿಯಮ, ಪ್ರಶ್ನೆ, ಉತ್ತರ ಮೂರೂ ನನ್ನ ಜವಾಬ್ದಾರಿ. ಈ ಸಲ ಸ್ಪರ್ಧೆಗೆ ಬಂದವರು ನನ್ನ ಮನೆ ಓನರಮ್ಮ.

ಆಯ್ಕೆ

ಬಸವೇಶ್ವರನಗರದಲ್ಲಿ ಮೇಲಿನ ಮನೆ ಅವರದು, ಕೆಳಗಿನ ಪೋರ್ಷನ್ನು ನನ್ನದು. ಬಾಡಿಗೆ ಅಗ್ರಿಮೆಂಟು ಮುಂದಿನ ತಿಂಗಳು ಮುಗಿಯುವುದರಲ್ಲಿತ್ತು. ಓನರಮ್ಮ ಚಕ್ಕುಲಿ ತಟ್ಟೆ ಹಿಡಿದು ಇಳಿದು ಬಂದರು.

“ಸಾರ್, ನಾನು ಸೆಲೆಕ್ಟ್ ಆದೆ. ಏನೇನು ಪ್ರಶ್ನೆ ಬರುತ್ತೆ, ಸ್ವಲ್ಪ ಹೇಳ್ಬಿಡಿ.”

“ಆಗಲ್ಲಮ್ಮ. ನಿಯಮಕ್ಕೆ ವಿರುದ್ಧ.”

“ಹೌದಾ? ಹಾಗಾದ್ರೆ ಅಗ್ರಿಮೆಂಟ್ ವಿಷಯ ಶೂಟಿಂಗ್ ಮುಗಿದ ಮೇಲೆ ಮಾತಾಡೋಣ.” ಚಕ್ಕುಲಿಯೂ ಅವರ ಜೊತೆ ಮೇಲಕ್ಕೆ ಹೋಯಿತು.

ಮರುದಿನ ಡೈರೆಕ್ಟರಿಗೆ ವಿಷಯ ತಿಳಿಸಿ, “ನಾನು ಈ ಕಂತುಗಳಿಂದ ದೂರ ಇರುವುದು ಸರಿ” ಎಂದೆ. ಅವರು ನಕ್ಕರು. “ಕೂತ್ಕೊಳ್ಳಿ ಸಾರ್. ಓನರ್ ಗೆಲ್ಲಲಿ ಅಂತ ಬಯಸೋ ಬಾಡಿಗೆದಾರನ್ನ ನಾನಿನ್ನೂ ನೋಡಿಲ್ಲ.”

ಜಿರಳೆ

ಕೆಂಗೇರಿ ಕಡೆಯ ಸೆಟ್ಟಿನಲ್ಲಿ ಸಾಹಸದ ಸುತ್ತು. ಜಿರಳೆ ತುಂಬಿದ ಗಾಜಿನ ಪೆಟ್ಟಿಗೆಯೊಳಗಿಂದ ಬೀಗದ ಕೈ ತೆಗೆಯಬೇಕು. ಮಿಕ್ಕವರೆಲ್ಲ ಚೀರಿದರು. ಓನರಮ್ಮ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡರು.

“ಬಾಡಿಗೆದಾರರು ಬಿಟ್ಟುಹೋದ ಅಡುಗೆಮನೆ ಕ್ಲೀನ್ ಮಾಡಿರೋಳು ನಾನು. ಇದೇನ್ ಮಹಾ!”

ಜಿರಳೆ ತಂದುಕೊಟ್ಟವನು ಓಡಿ ಬಂದ. “ಅಮ್ಮಾ, ಹೊಡೀಬೇಡಿ! ಅವನ್ನ ವಾಪಸ್ ತಗೊಂಡು ಹೋಗ್ಬೇಕು ನಾನು!”

ಅಷ್ಟರಲ್ಲಿ ಬೀಗದ ಕೈ ಓನರಮ್ಮನ ಕೈಯಲ್ಲಿತ್ತು. ನಿಯಮ ತೆಗೆದು ನೋಡಿದೆ. ಚಪ್ಪಲಿ ಬಳಸಬಾರದೆಂದು ಎಲ್ಲಿಯೂ ಇರಲಿಲ್ಲ. ಪಾಸು ಮಾಡಿದೆ. ಈಗ ಆ ನಿಯಮವೂ ಇದೆ.

ವೋಟು

ವೋಟಿನ ದಿನ ಹುಬ್ಬಳ್ಳಿ ಕಡೆಯ ಯುವ ಸ್ಪರ್ಧಿಯೊಬ್ಬ ನನ್ನನ್ನು ಪಕ್ಕಕ್ಕೆ ಕರೆದ. “ಸರ, ನಿಮ್ಮ ಮನ್ಯಾಗ ನೀರು ಚಲೋ ಬರ್ತಾವೇನ್ರೀ?”

“ಬರುತ್ತೆ. ಯಾಕೆ?”

“ಆ ಅಮ್ಮಾರು ಮುಂದಿನ ತಿಂಗಳು ಕೆಳಗಿನ ಪೋರ್ಷನ್ ಖಾಲಿ ಆಗ್ತೈತಿ ಅಂದ್ರು. ನಮಗೆಲ್ಲಾರಿಗೂ ಹೇಳ್ಯಾರ್ರೀ.”

ಓನರಮ್ಮನ ವಿರುದ್ಧ ಒಂದೇ ಒಂದು ವೋಟೂ ಬೀಳಲಿಲ್ಲ. ನನ್ನ ಮನೆ ತೋರಿಸಿ ಅವರು ಫೈನಲ್ ತಲುಪಿದರು.

ಫೈನಲ್

ಕೊನೆಗೆ ಉಳಿದವರು ಓನರಮ್ಮ ಮತ್ತು ಅದೇ ಹುಬ್ಬಳ್ಳಿ ಹುಡುಗ. ಒಂದು ಸರಿ ಉತ್ತರ ಹೇಳಿದರೆ ಓನರಮ್ಮನಿಗೆ ಗೆಲುವು, ತಪ್ಪಿದರೆ ಹುಡುಗನಿಗೆ. ನಿರೂಪಕಿ ಕೇಳಿದಳು: “ಭೂಮಿಗೆ ಅತಿ ಹತ್ತಿರದ ನಕ್ಷತ್ರ ಯಾವುದು?”

ಓನರಮ್ಮ ನೇರವಾಗಿ ನನ್ನ ಮುಖ ನೋಡಿದರು. ಸುಳಿವು ಕೊಟ್ಟ ಅಪವಾದ ಬೇಡವೆಂದು ನಾನು ತಲೆಯೆತ್ತಿ ಮೇಲಿನ ದೊಡ್ಡ ಲೈಟನ್ನು ನೋಡುತ್ತ ಕೂತೆ.

“ಸೂರ್ಯ!” ಎಂದರು ಓನರಮ್ಮ.

ನಾನು ಎದ್ದು ನಿಂತೆ. “ಈ ಉತ್ತರ ರದ್ದಾಗಬೇಕು. ನಾನು ಮೇಲೆ ನೋಡಿದ್ದು ತಪ್ಪು.”

ಡೈರೆಕ್ಟರ್ ತಲೆ ಚಚ್ಚಿಕೊಂಡರು. ಬೇರೆ ಪ್ರಶ್ನೆ ಬಂತು. “ಜೇಡ ಒಂದು ಕೀಟ. ಹೌದೋ, ಅಲ್ಲವೋ?”

ಈ ಸಲ ನಾನು ಮುಖವನ್ನೇ ಆ ಕಡೆ ತಿರುಗಿಸಿದೆ.

“ಅಲ್ಲ!” ಅದೂ ಸರಿ.

ತಲೆ ಅಡ್ಡಕ್ಕೆ ತಿರುಗಿಸಿದ್ದೂ ಸುಳಿವೇ ಆಯಿತೆಂದು ಮತ್ತೆ ಎದ್ದೆ. ಬಾಯಿ ತೆರೆಯುವ ಮೊದಲೇ ಡೈರೆಕ್ಟರ್ ಕೈ ಮುಗಿದರು. “ಸಾರ್, ಅದೂ ರದ್ದು. ದಯವಿಟ್ಟು ಹೊರಗೆ ನಿಂತ್ಕೊಳ್ಳಿ.”

ಹೋಗಿ ನಿಂತೆ, ಬಾಗಿಲು ಹಾಕಿದರು. ಮೂರನೆಯ ಪ್ರಶ್ನೆಗೆ ಓನರಮ್ಮ ತಪ್ಪು ಹೇಳಿ ಸೋತರು.

ಮರುದಿನ ನಾನು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಾಗ ಅವರು ಇಳಿದು ಬಂದರು. ಒಂದು ಕೈಯಲ್ಲಿ ಹೊಸ ಅಗ್ರಿಮೆಂಟು, ಇನ್ನೊಂದರಲ್ಲಿ ಚಕ್ಕುಲಿ.

“ಮನೆ ಖಾಲಿ ಆಗುತ್ತೆ ಅಂತ ಅವರಿಗೆಲ್ಲ ಹೇಳಿದ್ರಲ್ಲಮ್ಮ?”

“ಬೇಡ, ನೀವೇ ಇರಿ. ಮುಂದಿನ ಸಲಕ್ಕೆ ನಮ್ಮ ಯಜಮಾನ್ರನ್ನ ಕಳಿಸ್ತಾ ಇದೀನಿ. ನೀವು ಏನೂ ಹೇಳ್ಕೊಡೋದು ಬೇಡ ಸಾರ್. ಬಾಗಿಲಿಂದ ಒಳಗಡೆ ಕೂತಿರಿ, ಅಷ್ಟು ಸಾಕು.”